ನೋವಿಲ್ಲದ ರೋಗ



ಕಳೆದ ವರ್ಷ, ಸಿಂಧನೂರಿನ ಕಾಲುವೆ ಬಯಲಿನಲ್ಲಿ ಭತ್ತದ ಕೊಯ್ಲು ನಡೆದಿದ್ದಾಗ, ನನ್ನ ಹಳೆಯ ಶಿಷ್ಯನೊಬ್ಬನ ಪತ್ನಿಯು ಮನೆಗೆ ಬಂದಳು. "ಮಾಸ್ತರ್ರೀ, ನಮ್ಮ ಮನಿಯವರ ಕಣ್ಣು ಹಳದಿ ಆಗ್ಯಾವ್ರೀ. ಕಾಮಣಿ ಅಂತ ಕೈಗೆ ಬರಿ ಹಾಕ್ಸೀವ್ರೀ. ಈಗ ಹೊಟ್ಟಿ ಉಬ್ಬೈತ್ರಿ" ಎಂದಳು.

ಆತನು ಬೀದಿಯಲ್ಲಿ ಬೀಳುವ ಕುಡುಕನಲ್ಲ. ಹೊಲದ ಕೆಲಸ ಮುಗಿಸಿ, ನಿತ್ಯವೂ ಒಂದು ಕ್ವಾರ್ಟರ್ ಕುಡಿದು, ಸದ್ದಿಲ್ಲದೆ ಮಲಗುತ್ತಿದ್ದವನು. ಆದುದರಿಂದಲೇ ಮನೆಯವರು ಅದನ್ನು ರೋಗದ ಮೂಲವೆಂದು ಎಣಿಸಿರಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಸ್ಥಳಕ್ಕೆ ಸೀಸೆ ಬಂದಿತು. ಯಕೃತ್ತು ಇವೆರಡರಲ್ಲಿ ಭೇದವೆಣಿಸದು. 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸ್ತ್ರೀಯರಲ್ಲಿ ನಮ್ಮ ರಾಯಚೂರು ಸೀಮೆಯವರೂ ಇದ್ದರು. ಅವರು ಮನೆಯೊಳಗಿನ ಸಂಗತಿಯನ್ನು ಬಲ್ಲವರು.

ವೈದ್ಯರು ನನಗೆ ತಿಳಿಸಿದುದು ಹೀಗೆ. ಮದ್ಯದಿಂದ ಯಕೃತ್ತಿನಲ್ಲಿ ಮೊದಲು ಕೊಬ್ಬು ಕೂಡುವುದು, ಆಗ ನೋವಿರುವುದಿಲ್ಲ. ಆ ಹಂತದಲ್ಲಿ ಕುಡಿತವನ್ನು ಬಿಟ್ಟರೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿಯೇ ಅದು ಕರಗುವುದು. ಬಿಡದಿದ್ದರೆ ಉರಿಯೂತ, ಬಳಿಕ ಗಾಯದ ಕಲೆಗಳಂತೆ ಗಟ್ಟಿಯಾಗುವುದು. ಆಗ ಕರುಳಿನಿಂದ ಬರುವ ರಕ್ತಕ್ಕೆ ಸುಗಮವಾದ ದಾರಿಯಿಲ್ಲದೆ ಒತ್ತಡವೇರುವುದು. ಹೊಟ್ಟೆಯಲ್ಲಿ ನೀರು ತುಂಬುವುದು. (ಇದೇ ಜಲೋದರ; ಚರಕಸಂಹಿತೆಯು ಎಂಟು ಉದರರೋಗಗಳಲ್ಲಿ ಇದನ್ನೂ ಹೇಳಿದೆ.) ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದರೆ ರಕ್ತವಾಂತಿಯಾಗುವುದು. ಯಕೃತ್ತು ಶೋಧಿಸಲಾರದ ವಿಷವು ಮಿದುಳಿಗೇರಿದರೆ ರೋಗಿಯು ಹಗಲು ನಿದ್ರಿಸಿ ರಾತ್ರಿ ಎಚ್ಚರವಿರುವನು, ತೊದಲುವನು, ಮನೆಯ ದಾರಿಯನ್ನೇ ಮರೆಯುವನು. ಇದನ್ನು ಅಮಲೆಂದೋ ಗಾಳಿ ಸೋಕಿತೆಂದೋ ತಿಳಿದು ಮೂಲೆಯಲ್ಲಿ ಮಲಗಿಸಿದ ಮನೆಗಳನ್ನು ನಾನು ಕಂಡಿದ್ದೇನೆ.

ರಕ್ತವಾಂತಿ, ಡಾಂಬರಿನಂತಹ ಕಪ್ಪು ಮಲ, ಬುದ್ಧಿಭ್ರಮೆ, ನೀರು ತುಂಬಿದ ಹೊಟ್ಟೆಯೊಂದಿಗೆ ಜ್ವರ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯತಕ್ಕದ್ದಲ್ಲ. ಮಸ್ಕಿ, ಲಿಂಗಸುಗೂರುಗಳಿಂದ ರಾಯಚೂರು ದೂರವುಂಟು, 108ಕ್ಕೆ ಕರೆಮಾಡಿರಿ. ಬರೆಯಿಂದ ಕಾಲಹರಣವಾಗುವುದಲ್ಲದೆ ಹುಣ್ಣೂ ಆಗುವುದು. ನೋವಿನ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿರಿ. ಉಪ್ಪನ್ನು ಕಡಿಮೆ ಮಾಡಿಸಿರಿ, ಆದರೆ ಪಥ್ಯವೆಂದು ಉಪವಾಸ ಕೆಡವಬೇಡಿರಿ. ಬೇಳೆ, ಮೊಟ್ಟೆಗಳು ಬೇಕು. ಬಹುಕಾಲ ಬಹಳ ಕುಡಿದವನು ಒಮ್ಮೆಲೆ ನಿಲ್ಲಿಸಿದರೆ ಕೈನಡುಕ, ಸೆಳೆತಗಳು ಬರಬಹುದು. ಅದನ್ನೂ ವೈದ್ಯರ ಕಣ್ಣೆದುರಿನಲ್ಲಿಯೇ ಮಾಡಿಸುವುದು ಯುಕ್ತ.

ಶಿಷ್ಯನ ಹೊಟ್ಟೆಯ ನೀರನ್ನು ರಾಯಚೂರಿನಲ್ಲಿ ತೆಗೆದರು. ಯಕೃತ್ತಿನ ಕಲೆ ಮಾಸಿಲ್ಲ, ಕುಡಿತವನ್ನು ಬಿಟ್ಟಿದ್ದಾನೆ. ತಿಂಗಳಿಗೊಮ್ಮೆ ಪತ್ನಿಯೊಡನೆ ಬಸ್ಸು ಹತ್ತಿ ಪರೀಕ್ಷೆಗೆ ಹೋಗಿಬರುತ್ತಾನೆ.