ಕಲ್ಲುಪ್ಪಿನ ಅಭಿಮಾನವೂ ಬಂಜೆಯೆಂಬ ಅಪವಾದವೂ

ಮಲೆನಾಡಿನ ಹಳ್ಳಿಗಳಲ್ಲಿ ಮದುವೆಯಾಗಿ ಮೂರು ವರ್ಷ ಕಳೆದರೂ ಮಡಿಲು ತುಂಬದಿದ್ದರೆ ಅಪವಾದ ಬರುವುದು ಹೆಣ್ಣಿನ ಮೇಲೆ. ಕುಕ್ಕೆಯಲ್ಲಿ ಸರ್ಪಸಂಸ್ಕಾರ, ನಾಗಬನದಲ್ಲಿ ಪೂಜೆ, ನಾಟಿ ಔಷಧ, ನೆಂಟರ ಚುಚ್ಚುಮಾತು ಇವೆಲ್ಲ ಮುಗಿದ ಮೇಲೆ ಎಲ್ಲಕ್ಕಿಂತ ಕೊನೆಯಲ್ಲಿ ಬರುವುದು ರಕ್ತಪರೀಕ್ಷೆ. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಒಂದು ಸಣ್ಣ ಪರೀಕ್ಷೆಯಿಂದ ತಿಳಿಯಬಹುದಾದ ದೋಷಕ್ಕಾಗಿ ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ತಲೆತಗ್ಗಿಸಿ ಬದುಕುವುದು ಅನ್ಯಾಯ.

ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಅಯೋಡೀನನ್ನು ಬಳಸಿಕೊಂಡು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಅದು ಕಡಿಮೆಯಾದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ಚೋದಕವನ್ನು ಹೆಚ್ಚು ಸ್ರವಿಸುತ್ತದೆ. ಕೊರತೆ ತೀವ್ರವಾದರೆ ಪ್ರೊಲ್ಯಾಕ್ಟಿನ್ ಕೂಡ ಏರಬಹುದು. ಮುಟ್ಟು ಏರುಪೇರಾಗಿ ಅಂಡ ಬಿಡುಗಡೆಯಾಗುವುದು ತಪ್ಪುತ್ತದೆ. ಗರ್ಭ ನಿಂತರೂ ಇಳಿದುಹೋಗುವ ಸಂಭವ ಹೆಚ್ಚು. ಮೊದಲ ಮೂರು ತಿಂಗಳು ಭ್ರೂಣವು ತಾಯಿಯ ಥೈರಾಕ್ಸಿನ್ನನ್ನೇ ನೆಚ್ಚಿಕೊಂಡಿರುತ್ತದೆ. ಮಗುವಿನ ಮಿದುಳಿಗೆ ಬುನಾದಿ ಬೀಳುವುದೂ ಆಗಲೇ. ಹೀಗಿರುವಾಗ ಪರೀಕ್ಷೆ ಗರ್ಭ ನಿಂತ ಮೇಲೆ ನೆನಪಾದರೆ ಸಾಲದು.

ಗುಡ್ಡನಾಡಿಗೂ ಈ ರೋಗಕ್ಕೂ ಹಳೆಯ ನಂಟಿದೆ. ಮಳೆ, ನೆರೆ ಮತ್ತು ಸವಕಳಿ ಮೇಲ್ಮಣ್ಣಿನ ಅಯೋಡೀನನ್ನು ತೊಳೆದೊಯ್ಯುತ್ತವೆ. ಮಣ್ಣಿನಲ್ಲಿಲ್ಲದ್ದು ಬೆಳೆಯಲ್ಲಿಯೂ ಇರದು, ಹಾಲಿನಲ್ಲಿಯೂ ಇರದು. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ನಡೆಸಿದ ಪ್ರಯೋಗ ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿತು. ಅಯೋಡೀನ್ ಬೆರೆಸಿದ ಉಪ್ಪು ದೊರೆತ ವಲಯಗಳಲ್ಲಿ ಗಳಗಂಡ ಇಳಿಯಿತು. ಸಾದಾ ಉಪ್ಪಿನ ವಲಯದಲ್ಲಿ ಹಾಗಾಗಲಿಲ್ಲ. ಅದರ ಫಲವಾಗಿಯೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ಇಷ್ಟಾದರೂ ಪರಿಸರಪ್ರಿಯರ ವಲಯದಲ್ಲಿಯೇ ಅಯೋಡೀನ್ ಉಪ್ಪೆಂದರೆ ಮೂಗು ಮುರಿಯುವವರಿದ್ದಾರೆ. ಸಾದಾ ಉಪ್ಪಿನ ಮಾರಾಟಕ್ಕೆ 1998ರಲ್ಲಿ ಕೇಂದ್ರ ಹೇರಿದ ನಿಷೇಧವು 2000ದಲ್ಲಿ ತೆರವಾಗಿ, 2006ರಲ್ಲಿ ಮತ್ತೆ ಜಾರಿಗೆ ಬಂತು. ವಿರೋಧಿಸಿದವರ ವಾದದಲ್ಲಿ ಸತ್ಯಾಂಶವಿರಲಿಲ್ಲವೆಂದಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಕಂಡ ನಾಡಿದು. ಉಪ್ಪು ದೊಡ್ಡ ಕಂಪನಿಗಳ ಪೊಟ್ಟಣ ಸೇರಿ ಸಣ್ಣ ಆಗರಗಳ ಬದುಕು ಕುಸಿಯುವುದನ್ನು ಪ್ರಶ್ನಿಸಲೇಬೇಕು. ಆದರೆ ಅದು ಒಡೆತನದ ಪ್ರಶ್ನೆ. ಅದಕ್ಕೆ ಅಯೋಡೀನಿನ ಮೇಲೆ ಮುನಿಸೇಕೆ? ಪೊಟ್ಯಾಸಿಯಂ ಅಯೋಡೇಟನ್ನು ಹದವಾಗಿ ಸಿಂಪಡಿಸುವ ಕೆಲಸ ಸಣ್ಣ ಆಗರದಲ್ಲಿಯೂ ಸಾಧ್ಯ. ಸರ್ಕಾರ ಅದಕ್ಕೆ ಯಂತ್ರವನ್ನೂ ತರಬೇತಿಯನ್ನೂ ಕೊಡಲೆಂದು ಒತ್ತಾಯಿಸುವುದು ಚಳವಳಿಗೆ ಶೋಭೆ. ‘ಸಮುದ್ರದ ಕಲ್ಲುಪ್ಪಿನಲ್ಲಿ ಅಯೋಡೀನ್ ತಾನಾಗಿಯೇ ಇದೆ’ ಎನ್ನುವುದು ತಪ್ಪು. ಹರಳುಗಟ್ಟಿದ ಉಪ್ಪಿನಲ್ಲಿ ಉಳಿಯುವುದು ಅತ್ಯಲ್ಪ. ದುಬಾರಿ ಬೆಲೆಯ ಇಂದುಪ್ಪಿನ ಕಥೆಯೂ ಅಷ್ಟೆ.

ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಸಿಂಪಡಿಸುವ ಶಿಲೀಂಧ್ರನಾಶಕಗಳಲ್ಲಿ ಮ್ಯಾಂಕೋಜೆಬ್ ಒಂದು. ಅದು ಒಡೆದಾಗ ಉಂಟಾಗುವ ಎಥಿಲೀನ್ ಥಯೋಯೂರಿಯಾ, ಥೈರಾಯ್ಡ್ ಹಾರ್ಮೋನಿನ ತಯಾರಿಕೆಗೆ ಅಡ್ಡಿಪಡಿಸುವ ವಸ್ತು. ಐರೋಪ್ಯ ಒಕ್ಕೂಟ 2020ರಲ್ಲಿ ಮ್ಯಾಂಕೋಜೆಬ್‌ನ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. ಅದೇ ವರ್ಷ ಭಾರತ ಸರ್ಕಾರ ನಿಷೇಧಿಸಲು ಹೊರಟಿದ್ದ 27 ಪೀಡೆನಾಶಕಗಳ ಕರಡಿನಲ್ಲಿಯೂ ಅದರ ಹೆಸರಿತ್ತು. ಇದನ್ನು ಪರಿಸರವಾದಿಗಳು ಎತ್ತಿ ಹೇಳುವುದು ಸರಿಯೇ. ಆದರೆ ಮ್ಯಾಂಕೋಜೆಬ್ ಕೆಟ್ಟದ್ದೆಂದು ತಿಳಿಸಿದ ಶರೀರವಿಜ್ಞಾನವೇ ಅಯೋಡೀನ್ ಅಗತ್ಯವೆಂದೂ ತಿಳಿಸಿದೆ. ಒಂದನ್ನು ಭಾಷಣಕ್ಕೆ ಬಳಸಿ ಇನ್ನೊಂದನ್ನು ಅಡುಗೆಮನೆಯಿಂದ ಹೊರಗಿಡುವುದು ಯಾವ ನ್ಯಾಯ? ಹಿರಿಯರು ಕಳಲೆಯನ್ನು ದಿನಗಟ್ಟಲೆ ನೀರು ಬದಲಿಸಿ ನೆನೆಸಿಟ್ಟು, ಬೇಯಿಸಿಯೇ ಉಣ್ಣುತ್ತಿದ್ದರು. ಅದರಲ್ಲಿರುವ ಸಯನೈಡ್‌ಜನಕ ವಸ್ತು ಹಾಗೆ ಕಡಿಮೆಯಾಗುತ್ತದೆ. ಉಳಿದರೆ ಅದೂ ಥೈರಾಯ್ಡಿಗೆ ಅಡ್ಡಿಯೇ. ನಿಸರ್ಗದ್ದೆಲ್ಲ ನಿರಪಾಯವೆಂದು ಆ ಹಿರಿಯರು ಎಂದೂ ಭಾವಿಸಿರಲಿಲ್ಲ.

ಹಾಗೆಂದು ಎಲ್ಲ ದೋಷವನ್ನೂ ಉಪ್ಪಿಗೆ ಕಟ್ಟುವಂತಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ಎರಗುವುದರಿಂದಲೂ ಕೊರತೆ ಬರುತ್ತದೆ. ಅದಕ್ಕೆ ಉಪ್ಪು ಮದ್ದಲ್ಲ, ವೈದ್ಯರ ಸಲಹೆಯಂತೆ ಥೈರಾಕ್ಸಿನ್ ಮಾತ್ರೆ ಬೇಕು. ಇನ್ನೊಂದೆಡೆ, ಮಗುವಿನ ಆಸೆಯನ್ನೇ ಬಂಡವಾಳವಾಗಿಸಿಕೊಂಡು ಬಂದವರಿಗೆಲ್ಲ ಮಾತ್ರೆ ಬರೆಯುವ ಪರಿಪಾಠವೂ ಖಂಡನೀಯ. ಥೈರಾಯ್ಡ್ ವಿರೋಧಿ ಪ್ರತಿಕಾಯಗಳಿದ್ದರೂ ಹಾರ್ಮೋನ್ ಮಟ್ಟ ಸರಿಯಿದ್ದ, ಹಿಂದೆ ಗರ್ಭಪಾತ ಅಥವಾ ಬಂಜೆತನ ಕಂಡಿದ್ದ ಮಹಿಳೆಯರಿಗೆ ಈ ಮಾತ್ರೆ ಕೊಟ್ಟರೂ ಜೀವಂತ ಹೆರಿಗೆಗಳು ಹೆಚ್ಚಲಿಲ್ಲವೆಂದು ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಟ್ಯಾಬ್ಲೆಟ್ ಹೆಸರಿನ ಅಧ್ಯಯನ ಕಂಡುಕೊಂಡಿದೆ. ಬೇಕಾದವರಿಗೆ ಪರೀಕ್ಷೆಯೇ ಇಲ್ಲ, ಬೇಡದವರಿಗೆ ಮಾತ್ರೆ ಎಂಬ ವಿಪರ್ಯಾಸ ಕೊನೆಗೊಳ್ಳಬೇಕು.

ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ, ಹಿಂದೆ ಗರ್ಭಪಾತ ಅಥವಾ ಬಂಜೆತನ ಅನುಭವಿಸಿದವರನ್ನೂ ಅಯೋಡೀನ್ ಕೊರತೆಯ ಪ್ರದೇಶದವರನ್ನೂ ಪರೀಕ್ಷಿಸಲು ಹೇಳುತ್ತದೆ. ಆದರೆ ಅದು ಗರ್ಭಿಣಿಯರಿಗೆ ಮಾತ್ರ. ಗರ್ಭವೇ ನಿಲ್ಲದವಳು ಯಾವ ಬಾಗಿಲು ತಟ್ಟಬೇಕು?

ಆದ್ದರಿಂದ ಗುಡ್ಡಗಾಡಿನ ಗ್ರಾಮಸಭೆಗಳು ಈ ಬೇಡಿಕೆಗಳನ್ನು ನಿರ್ಣಯವಾಗಿ ಬರೆಸಲಿ: ಮಗುವನ್ನು ಬಯಸುವ ದಂಪತಿಗೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಉಚಿತ ಟಿಎಸ್‌ಎಚ್ ಪರೀಕ್ಷೆ, ಅದರೊಡನೆ ಗಂಡನಿಗೂ ವೀರ್ಯಪರೀಕ್ಷೆ, ಅಂಗಡಿಯ ಉಪ್ಪಿನಲ್ಲಿ ನಿಯಮದಂತೆ ಕನಿಷ್ಠ 15 ಪಿಪಿಎಂ ಅಯೋಡೀನ್ ಇದೆಯೇ ಎಂಬ ತಪಾಸಣೆ. ವಿದ್ಯಾರ್ಥಿಗಳು ಮನೆಯ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಕಾವಿನಿಂದ ದೂರವಿಡುವಂತೆ ನೋಡಿಕೊಳ್ಳಲಿ. ಕಾಡನ್ನು ಉಳಿಸಲು ಹೊರಟ ಚಳವಳಿಗೆ, ಆ ಕಾಡಂಚಿನ ಮನೆಯ ಸೊಸೆಯ ಕಣ್ಣೀರು ಕಾಣದಿದ್ದರೆ ಅದು ಅರ್ಧ ಚಳವಳಿ.