ಉಪ್ಪುನೀರು ಮೊದಲು, ಇನ್ಸುಲಿನ್ ಆಮೇಲೆ

ಮಧುಮೇಹಿಗೆ ಜ್ವರ, ವಾಂತಿ. ಎರಡು ದಿನದಿಂದ ಊಟವಿಲ್ಲ. ‘ಊಟವೇ ಇಲ್ಲದ ಮೇಲೆ ಇನ್ಸುಲಿನ್ ಏಕೆ?’ ಎಂದು ಮನೆಯವರು ಚುಚ್ಚುಮದ್ದು ನಿಲ್ಲಿಸುತ್ತಾರೆ. ಮೂರನೆಯ ದಿನ ರೋಗಿಗೆ ಪ್ರಜ್ಞೆ ತಪ್ಪುತ್ತದೆ. ಅನೇಕರು ತೀವ್ರ ನಿಗಾ ಘಟಕ ಸೇರುವುದು ಹೀಗೆಯೇ.

ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟೇ ಸಕ್ಕರೆ ಇದ್ದರೂ ಜೀವಕೋಶಗಳಿಗೆ ಅದು ಸರಿಯಾಗಿ ದಕ್ಕದು. ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ. ಆಗ ಉತ್ಪತ್ತಿಯಾಗುವ ಕೀಟೋನುಗಳಿಂದ ರಕ್ತ ಆಮ್ಲೀಯವಾಗುತ್ತದೆ. ರೋಗಿ ಆಳವಾಗಿ, ಬಿಡುವಿಲ್ಲದೆ ಉಸಿರೆಳೆಯುತ್ತಾನೆ. ಉಸಿರಿಗೆ ಕಳಿತ ಹಣ್ಣಿನ ವಾಸನೆ. ಈ ಉಸಿರಾಟವನ್ನು 1874ರಲ್ಲಿ ವಿವರಿಸಿದವನು ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್.

ಆಸ್ಪತ್ರೆಯಲ್ಲಿ ಮೊದಲು ಉಸಿರಾಟದ ಹಾದಿ ಸರಾಗವಾಗಿದೆಯೇ ಎಂದು ನೋಡಿ, ಬೆರಳ ತುದಿಯ ರಕ್ತ ಪರೀಕ್ಷಿಸುತ್ತಾರೆ. ಸಕ್ಕರೆ ತೀರ ಇಳಿದರೂ ಪ್ರಜ್ಞೆ ತಪ್ಪುತ್ತದೆ. ಅದರ ಚಿಕಿತ್ಸೆ ಇದಕ್ಕೆ ತದ್ವಿರುದ್ಧ. ಸಕ್ಕರೆ ಏರಿದ್ದು ಖಚಿತವಾದರೆ ಮೊದಲು ಏರಿಸುವುದು ಇನ್ಸುಲಿನ್ ಅಲ್ಲ, ಸಲೈನ್. ಮೂತ್ರದ ಮೂಲಕ ವಯಸ್ಕ ರೋಗಿಯ ದೇಹದಿಂದ ಸುಮಾರು 6 ಲೀಟರ್ ನೀರು ಹೋಗಿರಬಹುದು. ಮೊದಲ ಗಂಟೆಯಲ್ಲೇ ಸುಮಾರು 1 ಲೀಟರ್ ಕೊಡುತ್ತಾರೆ. ಮಕ್ಕಳಿಗೆ ಮಾತ್ರ ಮಿದುಳು ಊದಿಕೊಳ್ಳುವ ಭಯವಿರುವುದರಿಂದ ಎಚ್ಚರಿಕೆಯಿಂದ ಅಳೆದು ಕೊಡಬೇಕು.

ಮುಂದಿನದು ಪೊಟ್ಯಾಸಿಯಂ. ಇನ್ಸುಲಿನ್ ಅದನ್ನು ರಕ್ತದಿಂದ ಜೀವಕೋಶಗಳೊಳಕ್ಕೆ ತಳ್ಳುತ್ತದೆ. ರಕ್ತದಲ್ಲಿ ಅದು ತೀರ ಕಡಿಮೆಯಾದರೆ ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ಅದನ್ನು ಅಳೆದು, ಕಡಿಮೆಯಿದ್ದರೆ ತುಂಬಿಸಿ, ಬಳಿಕವೇ ಇನ್ಸುಲಿನ್ ಹರಿಸುತ್ತಾರೆ. ಪ್ರಮಾಣ ಗಂಟೆಗೆ ಕಿಲೋ ತೂಕಕ್ಕೆ 0.1 ಯೂನಿಟ್, ಎಂದರೆ 60 ಕಿಲೋ ತೂಗುವವರಿಗೆ 6 ಯೂನಿಟ್.

ಸಕ್ಕರೆ 250ಕ್ಕೆ ಇಳಿದಾಗ ಡ್ರಿಪ್‌ಗೆ ಗ್ಲೂಕೋಸ್ ಸೇರಿಸುತ್ತಾರೆ. ‘ಸಕ್ಕರೆ ಕಾಯಿಲೆಯವರಿಗೆ ಗ್ಲೂಕೋಸೇ?’ ಎಂದು ಬಂಧುಗಳು ಗಾಬರಿಯಾಗುವುದುಂಟು. ರಕ್ತದ ಆಮ್ಲ ಇನ್ನೂ ಇಳಿದಿರುವುದಿಲ್ಲ. ಅದು ಇಳಿಯುವವರೆಗೆ ಇನ್ಸುಲಿನ್ ನಿಲ್ಲಬಾರದು. ಅಷ್ಟರಲ್ಲಿ ಸಕ್ಕರೆ ಕುಸಿಯದಂತೆ ಕಾಯುವುದೇ ಗ್ಲೂಕೋಸಿನ ಕೆಲಸ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಇನ್ಸುಲಿನ್ ಪಡೆದ. ಅದಕ್ಕೆ ಮುಂಚೆ ಈ ಸ್ಥಿತಿ ತಲುಪಿದವರು ಉಳಿಯುತ್ತಿದ್ದುದು ಅಪರೂಪ. ಇಂದು ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುತೇಕ ಎಲ್ಲರೂ ಉಳಿಯುತ್ತಾರೆ.

ಊಟ ಬಿಟ್ಟರೂ ಯಕೃತ್ತು ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ಜ್ವರ ಬಂದಾಗ ಇನ್ನೂ ಹೆಚ್ಚು. ಆದ್ದರಿಂದ ಇನ್ಸುಲಿನ್ ಅನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.