ಅವ್ವನ ಗಿಡ ಉಳಿಯಬೇಕೆಂದರೆ ಎಲೆ ಹಂಚಿ

ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೆ ಮನೆ ಮುಳುಗಡೆಯಾದಾಗ ಬಾಗಿಲು, ತೊಲೆ, ಕಂಬ ಎಲ್ಲ ಟ್ರ್ಯಾಕ್ಟರ್‌ನಲ್ಲಿ ಪುನರ್ವಸತಿ ಕೇಂದ್ರಕ್ಕೆ ಬಂದವು. ಬ್ರಹ್ಮಕಮಲದ ಒಂದು ಎಲೆ ಮಾತ್ರ ಹಸಿ ಬಟ್ಟೆಯಲ್ಲಿ ಸುತ್ತಿಕೊಂಡು ಅವ್ವನ ಉಡಿಯಲ್ಲಿ ಬಂತು. ಎಣ್ಣೆ ಡಬ್ಬಿಯಲ್ಲಿ ಊರಿದ ಆ ಎಲೆ ಗಿಡವಾಗಿ, ಹೂ ಬಿಟ್ಟು, ವರ್ಷಗಟ್ಟಲೆ ನಮ್ಮ ಕಟ್ಟೆಯ ಮೇಲಿತ್ತು. ಹೂ ಅರಳುವ ರಾತ್ರಿ ಓಣಿಯವರೆಲ್ಲ ನೋಡಲು ಬರುತ್ತಿದ್ದರು. ಬೆಳಗಾದರೆ ಹೂ ಬಾಡಿರುತ್ತಿತ್ತು.

ಅವ್ವ ತೀರಿಕೊಂಡ ಮೇಲೆ ಆ ಗಿಡವನ್ನು ಕೊಂದವರು ನಾವೇ. ನಿರ್ಲಕ್ಷ್ಯದಿಂದಲ್ಲ, ಅತಿ ಪ್ರೀತಿಯಿಂದ. ಅವಳ ನೆನಪಾದಾಗಲೆಲ್ಲ ಮನೆಯವರು ಒಬ್ಬೊಬ್ಬರಾಗಿ ಹೋಗಿ ನೀರು ಹಾಕಿದೆವು. ಬುಡ ಹಳದಿಯಾಗಿ ಮೆತ್ತಗಾಯಿತು. ಮೇಲಿನ ಒಳ್ಳೆಯ ಎಲೆಗಳನ್ನು ಕತ್ತರಿಸಿ ಬೇರೆ ನೆಡಬಹುದಿತ್ತು. ಆದರೆ ‘ಅವ್ವನ ಗಿಡಕ್ಕ ಕತ್ತರಿ ಹಚ್ಚೂದು ಹ್ಯಾಂಗ?’ ಎಂದು ಎಲ್ಲರೂ ಹಿಂಜರಿದೆವು. ಗಿಡ ಪೂರ್ತಿ ಕೊಳೆಯಿತು.

ಆಗ ಪಕ್ಕದ ಮನೆಯ ಕಾಕು ಕರೆದು ಹೇಳಿದರು: ‘ನಮ್ಮ ಗಿಡಾನೂ ನಿಮ್ಮವ್ವ ಕೊಟ್ಟ ಎಲೀಂದನ. ಒಂದು ಒಯ್ರಿ.’

ವಿಚಾರಿಸಿದಾಗ ಗೊತ್ತಾಯಿತು, ಅವ್ವ ಓಣಿಯ ಅರ್ಧ ಮನೆಗಳಿಗೆ ಎಲೆ ಕೊಟ್ಟಿದ್ದಳು. ಬೀಜದಿಂದ ಹುಟ್ಟಿದ ಗಿಡವಾದರೆ ಅದು ಮಗು ಎನ್ನಬಹುದು. ಎಲೆಯಿಂದ ಬೆಳೆದದ್ದು ಅದೇ ಗಿಡದ ತುಂಡು. ಈಗ ನಮ್ಮ ಕಟ್ಟೆಯ ಮೇಲಿರುವುದು ಮುಳುಗಿದ ಮನೆಯ ಗಿಡವೇ.

ಹೀಗಾಗಿ ನಮ್ಮ ಅಭಿಪ್ರಾಯ ಇಷ್ಟು: ನೆನಪಿನ ಗಿಡವನ್ನು ಒಂದೇ ಕುಂಡದಲ್ಲಿ ಬಚ್ಚಿಡಬೇಡಿ. ಗಿಡ ಚೆನ್ನಾಗಿರುವಾಗಲೇ ಕತ್ತರಿಸಿ, ಕನಿಷ್ಠ ಮೂರು ಮನೆಗೆ ಕೊಡಿ.

ನಾವು ಮನೆಯಲ್ಲಿ ಬೆಳೆಸುವ ಬ್ರಹ್ಮಕಮಲ ಹಿಮಾಲಯದ್ದಲ್ಲ, ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿ ಜಾತಿಯದು. ನಿಂತ ನೀರು ಇದಕ್ಕೆ ಆಗದು. ಬಲಿತ ಎಲೆಯನ್ನು ಒಂದು ಗೇಣು ಕತ್ತರಿಸಿ, ಎರಡು ಮೂರು ದಿನ ನೆರಳಲ್ಲಿ ಗಾಯ ಒಣಗಲು ಬಿಡಿ. ನಮ್ಮ ಕಡೆಯ ಎರೆಮಣ್ಣು ನೀರು ಹಿಡಿದುಕೊಳ್ಳುತ್ತದೆ, ಅದಕ್ಕೆ ಮರಳು ಮತ್ತು ಹಳೆ ತಿಪ್ಪೆಗೊಬ್ಬರ ಬೆರೆಸಿ. ಡಬ್ಬಿಯ ತಳಕ್ಕೆ ತೂತು ಬೇಕೇ ಬೇಕು. ಎಲೆಯನ್ನು ಎರಡು ಬೆರಳಷ್ಟು ಊರಿ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಎಳೆ ಬಿಸಿಲು ಸಾಕು, ಮಧ್ಯಾಹ್ನದ ಬಿಸಿಲು ಬೇಡ. ಹೂವಿಗೆ ಎರಡು ಮೂರು ವರ್ಷ ಕಾಯಬೇಕಾಗಬಹುದು.

ಇದನ್ನು ಈಗ ಬರೆಯಲು ಕಾರಣವಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆಯಿದೆ. ಅದು ಜಾರಿಯಾದರೆ ಇನ್ನಷ್ಟು ಊರುಗಳು ಏಳಬೇಕಾಗುತ್ತದೆ. ಪರಿಹಾರದ ಲೆಕ್ಕದಲ್ಲಿ ಹೊಲ, ಮನೆ, ಬಾವಿ, ಮರ ಬರುತ್ತವೆ. ಅವುಗಳಿಗಾಗಿ ಹೋರಾಡಲೇಬೇಕು. ಕಟ್ಟೆಯ ಮೇಲಿನ ಡಬ್ಬಿಯನ್ನು ಯಾವ ಅಧಿಕಾರಿಯೂ ಬರೆದುಕೊಳ್ಳುವುದಿಲ್ಲ. ಅದನ್ನು ಉಳಿಸುವುದು ನಮ್ಮ ಕೈಯಲ್ಲೇ ಇದೆ.

ಕಳೆದ ಮಳೆಗಾಲದಲ್ಲಿ ನಾವು ಐದು ಎಲೆ ಕೊಟ್ಟೆವು. ನಾಲ್ಕು ಚಿಗುರಿವೆ. ನಿಮ್ಮ ಮನೆಯಲ್ಲೂ ಹಿರಿಯರು ಬಿಟ್ಟುಹೋದ ಗಿಡವಿದ್ದರೆ, ಈ ವಾರವೇ ಪಕ್ಕದ ಮನೆಯವರನ್ನು ಕರೆಯಿರಿ.